ನಾನು ಸಮಾರ್ಯದವರನ್ನು ತಯಾರಿಸಿದ್ದು

ಒಂದೇ ವಾರದಲ್ಲಿ ಸಿಂದಗಿಗೆ ಐದು ಮಂದಿ ಒಳ್ಳೆಯ ಸಮಾರ್ಯದವರನ್ನು ತಯಾರು ಮಾಡಿಕೊಡುತ್ತೇನೆಂದು ನಾನು ಪಣ ತೊಟ್ಟೆ! ನಮ್ಮ ಚರ್ಚಿನ ಸಂಡೇ ಸ್ಕೂಲಿನ ಐದು ಮಕ್ಕಳಿಗೆ ನಾನೇ ಮಾಸ್ತರ. ಬರುವ ರವಿವಾರ ವಿಜಯಪುರದಿಂದ ಹಿರಿಯ ಪಾಸ್ಟರ್ ಬರುವವರಿದ್ದರು. ಐದೂ ಮಕ್ಕಳು ಎದ್ದು ನಿಂತು ತಾವು ಮಾಡಿದ ಸಹಾಯ ಹೇಳಬೇಕು, ಪಾಸ್ಟರ್ ನನ್ನ ಬೆನ್ನು ತಟ್ಟಬೇಕು. ಇಷ್ಟೇ ನನ್ನ ಸಣ್ಣ ಆಸೆ.

ಕಳ್ಳರು ಬಡಿದು ದಾರಿಯಲ್ಲಿ ಕೆಡವಿದ ಮನುಷ್ಯನ ಕತೆಯನ್ನು ಕೈಕಾಲು ಆಡಿಸಿ ಹೇಳಿದೆ. ದೇವಾಲಯದ ಯಾಜಕ ಅವನನ್ನು ಕಂಡೂ ಕಾಣದಂತೆ ದಾಟಿ ಹೋದದ್ದನ್ನು, ಪರನಾಡಿನ ಸಮಾರ್ಯದವನು ನಿಂತು ಉಪಚಾರ ಮಾಡಿದ್ದನ್ನು ನಡೆದೇ ತೋರಿಸಿದೆ. ಕಷ್ಟದಲ್ಲಿರುವವರನ್ನು ಹುಡುಕಿ ಸಹಾಯ ಮಾಡಿರಿ, ಆದರೆ ರವಿವಾರದ ತನಕ ಬಾಯಿ ಬಿಡಬೇಡಿರಿ ಎಂದು ಅಪ್ಪಣೆ ಮಾಡಿದೆ. ನನ್ನ ಎಂಟು ವರ್ಷದ ಮಗಳು ಪಲ್ಲವಿಯೂ ಅವರಲ್ಲೊಬ್ಬಳು. ಗಂಭೀರವಾಗಿ ತಲೆ ಆಡಿಸಿದಳು.

ಶನಿವಾರದ ಹೊತ್ತಿಗೆ ನನಗೇ ತಡೆಯಲಾಗಲಿಲ್ಲ. ಮಕ್ಕಳು ಯಾರಿಗೆ ಸಹಾಯ ಮಾಡಿದ್ದಾರೆಂದು ಗುಟ್ಟಾಗಿ ತಿಳಿಯಲು ಬೆಳಿಗ್ಗೆಯೇ ಹೊರಟೆ. ನನ್ನ ಹೆಂಡತಿ ಸುನಂದಾ ಹಿತ್ತಲಲ್ಲಿ ಬಟ್ಟೆ ಚೂರು ಕೂಡಿಸಿ ಹೊಲಿದ ಹೊಸ ಕೌದಿ ನೆನೆಹಾಕಿಕೊಂಡು ಕುಳಿತಿದ್ದಳು. ನಳದ ಹತ್ತಿರ ಜಾರಿ ಬಿದ್ದು ಆಕೆಯ ಬಲಗೈ ಬಾತು ನಾಲ್ಕು ದಿನವಾಗಿತ್ತು. ನೆನೆದ ಕೌದಿಯೋ, ಎಮ್ಮೆಯಷ್ಟು ಭಾರ!

"ಇದನ್ನ ಹಿಂಡಾಕ ಒಂದೀಟು ಕೈ ಹಚ್ಚರಿ," ಎಂದಳು.

"ಹೊತ್ತಾಗೇತಿ. ಪರೋಪಕಾರದ ಕೆಲಸ ಐತಿ," ಎಂದು ಬಾಗಿಲಲ್ಲಿ ನಿಂತಿದ್ದ ಪಲ್ಲವಿಯನ್ನು ಸರಿಸಿ, ಬಕೆಟ್ ದಾಟಿ ನಡೆದೆ.

ಮುದುಕಿ ಬಾಳಮ್ಮ ತನ್ನ ಮನೆಗೆ ಯಾವ ಮಕ್ಕಳೂ ಬಂದಿಲ್ಲ, ಬಂದವನು ನೀನೇ ಎರಡು ಕೊಡ ನೀರು ತಂದುಕೊಡು ಎಂದಳು. ಮಕ್ಕಳು ಬರುತ್ತಾರೆಂದು ಹೇಳಿ ಪಾರಾದೆ. ಮೊಣಕಾಲು ನೋವಿನ ರಹಿಮಾಬಿ ಚಹಾ ಕೊಟ್ಟು, ಇಲ್ಲಿಗೂ ಯಾರೂ ಬಂದಿಲ್ಲ ಎಂದಳು. ಆ ಸುದ್ದಿಗೆ ದಡಬಡಿಸಿ ಏಳುವಾಗ ಚಹಾ ಅಂಗಿಯ ಮೇಲೆ ಚೆಲ್ಲಿತು. ಐವರಲ್ಲಿ ಒಬ್ಬ ಸಮಾರ್ಯದವನೂ ಇಲ್ಲ! ಮಾನ ಹೋಯಿತೆಂದು ಉರಿಯುತ್ತ ಮನೆಗೆ ಬಂದೆ.

ಹಿತ್ತಲಿನ ಹಗ್ಗದ ಮೇಲೆ ನನ್ನ ಬಿಳಿ ಅಂಗಿಗಳೆಲ್ಲ ಗುಲಾಬಿ ಬಣ್ಣ ತಾಳಿ ತೂಗುತ್ತಿದ್ದವು! ಪಕ್ಕದಲ್ಲೇ ಕೌದಿ, ಅದರ ಕೆಂಪು ಅಂಚು ಬಿಳಿಚಿಕೊಂಡಿತ್ತು. ಸುನಂದಾ ನಡುಹಗಲಿನಲ್ಲಿ ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಿ ಕೇಳಿದರೆ, "ನಾಳೆ ಗೊತ್ತಾಗ್ತೈತಿ ಬಿಡ್ರಿ," ಎಂದು ಮಗ್ಗುಲು ಬದಲಿಸಿದಳು.

ಮೈಮೇಲಿನ ಅಂಗಿಗೆ ಚಹಾದ ಕಲೆ, ಉಳಿದವೆಲ್ಲ ಗುಲಾಬಿ. ರವಿವಾರ ಮದುಮಗನ ಹಾಗೆ ಗುಲಾಬಿ ಅಂಗಿಯಲ್ಲೇ ಚರ್ಚಿಗೆ ಹೋದೆ. ಹಿರಿಯ ಪಾಸ್ಟರ್ ಮಕ್ಕಳನ್ನು ಕೇಳಿದಾಗ ಪಲ್ಲವಿ ಎದ್ದಳು.

"ನಮ್ಮ ಅವ್ವನ ಕೈ ಬಾತಿತ್ರಿ. ನೀ ಒಳಗ ಹೋಗಿ ಮಕ್ಕೋ ಅಂದು, ನಾವು ಐದೂ ಮಂದಿ ಕೂಡಿ ಕೌದಿ ತುಳಿದು ಒಗದ್ವಿ. ನೀರು ದಂಡ ಆಗಬಾರದಂತ ಅಪ್ಪನ ಅಂಗೀನೂ ಅದರಾಗ ಹಾಕಿದ್ವಿ."

ನಾನು ನಾಲ್ಕು ದಿನ ಆ ಕೈ ಬಡಿದ ರೊಟ್ಟಿ ತಿಂದಿದ್ದೆ, ಆ ಕೈಯನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ.

ಪಾಸ್ಟರ್ ನಕ್ಕರು. "ಕತಿಯೊಳಗ ಯಾಜಕ ನೋಡಿನೂ ದಾಟಿ ಹೋದನಲ್ಲವಾ, ಇಲ್ಲಿ ಅಂಥಾವ್ರು ಯಾರೂ ಇರಲಿಲ್ಲೇನು?"

ಪಲ್ಲವಿ ನನ್ನನ್ನು ಮರುಕದಿಂದ ನೋಡಿದಳು.

"ಒಬ್ಬರು ಇದ್ದರ್ರಿ. ಹೆಸರು ಹೇಳಂಗಿಲ್ರಿ, ಪಾಪ, ಅವರ ಮಾನ ಹೋಗ್ತೈತಿ. ಗುಲಾಬಿ ಅಂಗಿ ಹಾಕ್ಕೊಂಡಾರ ನೋಡ್ರಿ."