ತೂಕ, ತೂಕಡಿಕೆ ಮತ್ತು ಮೂವತ್ತೆರಡು ಹಲ್ಲು

ಎಲ್ಲರಿಗೂ ಒಂದೊಂದರ ಮೇಲೆ ಜಂಬ ಇರುತ್ತದೆ. ಅದಿರಿಗೆ ರೇಟು ಬಂದ ಮೇಲೆ ನಮ್ಮ ಸಂಡೂರಿನಲ್ಲಿ ಕೆಲವರಿಗೆ ಕಾರಿನ ಮೇಲೆ, ಕೆಲವರಿಗೆ ಮಹಡಿ ಮನೆಯ ಮೇಲೆ. ನನಗೆ ಮಾತ್ರ ಹಲ್ಲಿನ ಮೇಲೆ. ನಲವತ್ತು ದಾಟಿದರೂ ಮೂವತ್ತೆರಡೂ ಸ್ವಂತದ್ದು. ಕಂಪ್ಲಿ ಕಬ್ಬನ್ನು ಇವತ್ತಿಗೂ ಹಲ್ಲಿನಲ್ಲೇ ಸುಲಿಯುತ್ತೇನೆ. ಹಲ್ಲಿನ ಡಾಕ್ಟರ ಹತ್ತಿರ ನನಗೇನು ಕೆಲಸ ಎನ್ನುತ್ತ ತಿರುಗುತ್ತಿದ್ದೆ.

ಇನ್ನೊಂದು ಜಂಬ ನೌಕರಿಯದು. ದನ ಕಾಯ್ದುಕೊಂಡಿದ್ದು, ಮೀಸೆ ಬಂದ ಎಷ್ಟೋ ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಅದಿರಿನ ಲಾರಿ ತೂಗುವ ಕಡೆ ಕಂಪ್ಯೂಟರ್ ಮುಂದಿನ ಕುರ್ಚಿ ಹಿಡಿದವನು ನಾನು. ತೊಂದರೆ ಏನೆಂದರೆ, ರಾತ್ರಿಯೆಲ್ಲ ಮನೆ ಅದುರುವಂತೆ ಗೊರಕೆ ಹೊಡೆದರೂ ಆ ಕುರ್ಚಿಯಲ್ಲಿ ಕೂತ ಕೂಡಲೇ ಮತ್ತೆ ನಿದ್ದೆ. ಲಾರಿಯವರು ಹಾರನ್ ಹೊಡೆದು ಸಾಕಾಗಿ, ಒಂದು ದಿನ ಗಣಿಯ ಸಾವ್ಕಾರರೇ ಬಂದರು.

"ಲೇ ಈರಣ್ಣ, ನಿನಗ ಪಗಾರ ತೂಕ ಮಾಡಾಕ ಕೊಡ್ತೀನೋ, ತೂಕಡಸಾಕ ಕೊಡ್ತೀನೋ? ಇನ್ನೊಮ್ಮಿ ಕಂಡ್ರ ಸೀದಾ ಮನಿಗೆ ನಡಿ!"

ಆ ವಾರವೇ ನನ್ನ ಹೆಂಡತಿ ಗೌರಮ್ಮನಿಗೆ ಹಲ್ಲುನೋವು. ಹೊಸಪೇಟೆಯ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಒಳಗೆ ಅವಳು ಬಾಯಿ ತೆರೆದು ಕೂತಿದ್ದಳು, ಹೊರಗೆ ಬೆಂಚಿನ ಮೇಲೆ ನಾನು ಬಾಯಿ ತೆರೆದು ಮಲಗಿದ್ದೆ. ಯಾರೋ ಅಲುಗಿಸಿದರೆಂದು ಕಣ್ಣು ಬಿಟ್ಟರೆ ಎದುರಿಗೆ ಡಾಕ್ಟರಮ್ಮ, ಕೈಯಲ್ಲಿ ಇಕ್ಕಳ. ನನ್ನ ಹಲ್ಲಿಗೇ ಬಂದರೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

"ಅಂಜಬ್ಯಾಡ್ರಿ. ಗೊರಕಿ ಹೊಡಕೋಂತ ಉಸಿರು ನಿಲ್ಲಿಸಿಬಿಟ್ರಲ್ಲ, ದಿನಾ ಹಿಂಗೇನ್ರಿ?"

ಬಾಯಲ್ಲಿದ್ದ ಹತ್ತಿ ತೆಗೆದು ಗೌರಮ್ಮ ಓಡಿ ಬಂದಳು. "ದಿನಾ ರೀ! ಉಸಿರು ನಿಂತಾಗೆಲ್ಲ ನಾನ ತಿವಿದು ಎಬ್ಬಸ್ತೀನಿ."

ದಿನಾ ಬೆಳಗ್ಗೆ ನನ್ನ ಪಕ್ಕೆ ಯಾಕೆ ನೋಯುತ್ತಿತ್ತೆಂದು ಅವತ್ತು ತಿಳಿಯಿತು.

"ಮಲಗಿದಾಗ ಗಂಟಲ ದಾರಿ ಮುಚ್ಚಕಂತೈತ್ರಿ. ನಿದ್ದಿ ಪೂರಾ ಆಗಂಗಿಲ್ಲ, ಅದಕ್ಕ ಹಗಲ ತೂಕಡಿಕಿ. ಮೊದ್ಲು ನಿದ್ದಿ ಟೆಸ್ಟ್ ಮಾಡಸ್ರಿ. ದೊಡ್ಡ ಡಾಕ್ಟರು ಹೂಂ ಅಂದ್ರ ನಾನು ರಾತ್ರಿ ಹಲ್ಲಿಗೆ ಹಾಕ್ಕಳ್ಳೋ ಕ್ಲಿಪ್ ಮಾಡಿ ಕೊಡ್ತೀನಿ. ಕೆಳಗಿನ ದವಡಿ ಸ್ವಲ್ಪ ಮುಂದ ಹಿಡಕಂತೈತಿ, ದಾರಿ ಬಿಡ್ತೈತಿ." ಹೀಗೆಂದ ಡಾಕ್ಟರಮ್ಮ ನನ್ನ ಬಾಯಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. "ಮಸ್ತ್ ಅದಾವ್ರಿ ಹಲ್ಲು! ಇಂಥಾವಿದ್ರನ ಕ್ಲಿಪ್ ಗಟ್ಟಿ ಕುಂದ್ರೋದು."

ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

ಟೆಸ್ಟಾಯಿತು. ನನ್ನದು ತೀರಾ ಜಾಸ್ತಿಯಲ್ಲ, ಕ್ಲಿಪ್ಪೇ ಸಾಕೆಂದರು. ಮೊದಮೊದಲು ಬೆಳಗ್ಗೆ ದವಡೆ ನನ್ನನ್ನು ಬಿಟ್ಟು ತಾನೇ ಮುಂದೆ ಹೊರಟಂತೆ ಅನಿಸುತ್ತಿತ್ತು. ಆಮೇಲೆ ಹೊಂದಿಕೊಂಡಿತು. ಕುರ್ಚಿಯಲ್ಲಿ ಎಚ್ಚರ ಉಳಿಯಿತು, ನೌಕರಿಯೂ ಉಳಿಯಿತು. ಒಂದು ದಿನ ಎಚ್ಚರವಾಗಿ ಕೂತು ನೋಡುತ್ತೇನೆ, ಹೊರಗೆ ನಿಂತ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಸಾವ್ಕಾರರದೂ ಅದೇ ಗೊರಕೆ, ಅದೇ ಉಸಿರು ಹಿಡಿಯುವುದು! ಗಾಬರಿಯಾಗಿ ಅದೇ ಡಾಕ್ಟರಮ್ಮನ ಹತ್ತಿರ ಕಳಿಸಿದೆ. ಮುಖ ಸಣ್ಣದು ಮಾಡಿಕೊಂಡು ಬಂದರು.

"ಗುಟ್ಕಾ ತಿಂದು ಹಲ್ಲೆಲ್ಲ ಕಳಕೊಂಡೀರಿ, ಕಟ್ಟಿಸಿದ ಹಲ್ಲಿನ ಸೆಟ್ಟಿಗೆ ಕ್ಲಿಪ್ ನಿಲ್ಲಂಗಿಲ್ಲ, ಗಾಳಿ ಊದೋ ಮಷೀನ ಬೇಕಾಗ್ತೈತಿ ಅಂದ್ಲಲೇ ಈರಣ್ಣ!"

ಗುಡ್ಡವನ್ನೇ ಅಗೆದು ಮಾರಿದವರ ಹತ್ತಿರ ಇಲ್ಲದ್ದು ನನ್ನ ಬಾಯಲ್ಲಿದೆ! ಇದನ್ನು ಲಾರಿ ಡ್ರೈವರುಗಳಿಗೆ ಹೇಳಿದೆ, ದೋಣಿಮಲೈ ಬಸ್ಸಿನಲ್ಲಿ ಹೇಳಿದೆ, ಬಂಡ್ರಿಯ ಬೀಗರಿಗೆ ಬಾಯಿ ತೆರೆದು ತೋರಿಸಿಯೂ ಹೇಳಿದೆ. ಮೊನ್ನೆ ಊಟಕ್ಕೆ ಕೂತು ಮತ್ತೆ ಶುರು ಮಾಡಿದಾಗ ಗೌರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ರೀ, ರಾತ್ರಿ ಸಪ್ಪಳ ನಿಂತೈತಿ, ಪುಣ್ಯ. ಹಗಲ ಹಾಕ್ಕಳ್ಳಾಕ ಇನ್ನೊಂದು ಕ್ಲಿಪ್ ಮಾಡ್ತಾರೇನು, ಕೇಳ್ರಿ ಡಾಕ್ಟರಮ್ಮಗ."

ಕೇಳಬೇಕು. ನನ್ನಂಥ ಹಲ್ಲಿಗೆ ಇನ್ನೊಂದು ಕ್ಲಿಪ್ಪೇನೂ ಭಾರವಲ್ಲ.