ಪಕ್ಕದ ಮನೆಯ ಗುಲ್ಬರ್ಗ

ನಮ್ಮ ಮನೆಯವರು ಬೆಂಗಳೂರಿನಿಂದ ಗುಲ್ಬರ್ಗಕ್ಕೆ ಹೋಗಲು ಮೂರು ತಿಂಗಳು ತೆಗೆದುಕೊಂಡರು ಎಂದರೆ ಯಾರೂ ನಂಬುವುದಿಲ್ಲ. ನಡೆದುಕೊಂಡು ಹೊರಟಿದ್ದರೂ ಅದಕ್ಕಿಂತ ಬೇಗ ಸೇರಬಹುದಿತ್ತು! ಆ ಪ್ರಯಾಣದ ಬಹುಪಾಲು ನಡೆದದ್ದು ಜಯನಗರದ ನಮ್ಮ ಬಾಡಿಗೆ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ. ರೈಲು ಬಂದದ್ದು ಕಟ್ಟಕಡೆಗೆ.

ಇದು ಎಪ್ಪತ್ತರ ದಶಕದ ಮಾತು. ಅವರು ಸರ್ಕಾರಿ ಕಚೇರಿಯಲ್ಲಿದ್ದರು. ಬಹಳ ವರ್ಷ ಕಾದ ಮೇಲೆ ಬಡ್ತಿ ಬಂತು, ಬಡ್ತಿಯ ಜೊತೆಗೆ ಗುಲ್ಬರ್ಗಕ್ಕೆ ವರ್ಗವೂ ಬಂತು. ಆ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವುದಕ್ಕೂ ಮುಂಚೆ ಕೇಳಿದ ಪ್ರಶ್ನೆ ಇದು: "ಲೇ, ಗುಲ್ಬರ್ಗದಲ್ಲಿ ಕರಿಬೇವು ಸಿಗುತ್ತೇನೇ?"

ನನಗೇನು ಗೊತ್ತು? ನಾನು ಆವರೆಗೆ ತುಮಕೂರು ದಾಟಿದವಳಲ್ಲ.

ಆಗ ಒಂದು ರೂಢಿ ಇತ್ತು. ಅಷ್ಟು ದೂರಕ್ಕೆ ವರ್ಗವಾದರೆ ಗಂಡಸರು ಒಬ್ಬರೇ ಹೋಗುತ್ತಿದ್ದರು. ಅಲ್ಲೊಂದು ರೂಮು, ಖಾನಾವಳಿ ಊಟ, ಯಾರನ್ನಾದರೂ ಹಿಡಿದು ವಾಪಸು ಬರುವ ಪ್ರಯತ್ನ. ಹೆಂಡತಿ ಇಲ್ಲಿ ಬಾಡಿಗೆ ಮನೆ ಕಾಯುತ್ತಿದ್ದಳು. ಜಯನಗರದಲ್ಲಿ ಒಮ್ಮೆ ಬಿಟ್ಟ ಮನೆ ಮತ್ತೆ ಸಿಗುತ್ತದೆಯೇ? ನೆಂಟರು, ಕಚೇರಿಯವರು, ಮನೆ ಮಾಲೀಕರು ಎಲ್ಲರೂ ಇದನ್ನೇ ಹೇಳಿದರು. ನಮಗೆ ಮಕ್ಕಳಿರಲಿಲ್ಲ. ಇದ್ದವರು ನಾವಿಬ್ಬರೇ. ಅವರಿಲ್ಲದ ಮನೆಯಲ್ಲಿ ಒಬ್ಬಳೇ ಕೂತು ನಾನು ಏನು ಮಾಡಲಿ? ನನ್ನನ್ನು ಬಾ ಎನ್ನುತ್ತಾರೋ, ಇಲ್ಲೇ ಇರು ಎನ್ನುತ್ತಾರೋ, ನನಗೆ ಅದೊಂದು ಗೊತ್ತಾದರೆ ಸಾಕಿತ್ತು. ಕರಿಬೇವಿನ ಚಿಂತೆ ಮಾಡಿದ ಮಹಾನುಭಾವರು ಆ ಒಂದು ಮಾತು ಬಿಟ್ಟು ಮಿಕ್ಕ ಎಲ್ಲ ಮಾತೂ ಆಡಿದರು!

ನೀನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿ, "ಇಲ್ಲೇ ಇರು" ಅಂದುಬಿಟ್ಟರೆ?

ಅವರು ಮಾತ್ರ ಮಾರನೆಯ ದಿನದಿಂದಲೇ ಸಿದ್ಧತೆಗೆ ಇಳಿದರು. ಗುಲ್ಬರ್ಗದಲ್ಲಿ ಬಿಸಿಲು ಜಾಸ್ತಿ ಎಂದು ಯಾರೋ ಹೇಳಿದ್ದರು. ಸರಿ, ಬಿಸಿಲಿನ ಅಭ್ಯಾಸ ಶುರುವಾಯಿತು. ಭಾನುವಾರ ಊಟ ಮುಗಿಸಿ ತಾರಸಿಗೆ ಹೋಗಿ ಬರಿಮೈಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಜನ ಹಪ್ಪಳ ಒಣಗಿಸುವುದನ್ನು ನೋಡಿದ್ದೇನೆ, ಗಂಡನನ್ನು ಒಣಗಲು ಹಾಕಿದ್ದು ನಮ್ಮ ಬೀದಿಯಲ್ಲಿ ನಾನೊಬ್ಬಳೇ! ಸ್ವಲ್ಪ ಹೊತ್ತಿಗೆ ಪಕ್ಕದ ತಾರಸಿಯಿಂದ ಮೇಷ್ಟ್ರು ಕೂಗಿದರು.

"ಏನ್ ಸಾರ್, ಮನೇಲಿ ಜಗಳಾನಾ?"

"ಇಲ್ಲ ಮೇಷ್ಟ್ರೇ, ಪ್ರಾಕ್ಟೀಸು."

"ಯಾವುದಕ್ಕೆ?"

"ಗುಲ್ಬರ್ಗಕ್ಕೆ."

ಅಷ್ಟರಲ್ಲಿ ಮಳೆ ಬಂತು. ಬೆಂಗಳೂರಿನ ಮಳೆಗೆ ಇವರ ಅಭ್ಯಾಸದ ಬಗ್ಗೆ ಏನು ಗೊತ್ತು! ನೆನೆದುಕೊಂಡು ಕೆಳಗೆ ಬಂದವರು ಮೂರು ದಿನ ನೆಗಡಿಯಲ್ಲಿ ಮಲಗಿದರು.

ನೆಗಡಿ ಬಿಟ್ಟ ಮೇಲೆ ಭಾಷೆಯ ಅಭ್ಯಾಸ. ನಾಲ್ಕನೇ ಬ್ಲಾಕಿನಲ್ಲಿ ಹುಳಿಮಾವು ಹಳ್ಳಿಯ ಹೆಂಗಸೊಬ್ಬರು ಸೊಪ್ಪು, ಬದನೆಕಾಯಿ ತಂದು ಮಾರುತ್ತಿದ್ದರು. ನಾವು ಅವರ ಹಳೆಯ ಗಿರಾಕಿಗಳು. ಒಂದು ಸಂಜೆ ಇವರು ನನ್ನನ್ನು ಹಿಂದಕ್ಕೆ ಸರಿಸಿ, ಎದೆ ಉಬ್ಬಿಸಿ ನಿಂತು, "ಯಾಕ್ರೀ ಯವ್ವಾ, ಬದನೀಕಾಯಿ ಹ್ಯಾಂಗ ಕೊಡ್ತೀರಿ?" ಅಂದರು.

ಆಕೆ ಗಾಬರಿಯಾಗಿ ನನ್ನ ಮುಖ ನೋಡಿದರು. "ಯಾಕಕ್ಕ, ಸಾಮಿಗೆ ಮೈ ಸರಿಗಿಲ್ವಾ?"

"ಸರಿಯಾಗೇ ಇದ್ದಾರೆ, ಗುಲ್ಬರ್ಗಕ್ಕೆ ಹೋಗ್ತಿದ್ದಾರೆ," ಅಂದೆ.

"ಅಯ್ಯೋ, ಅಷ್ಟು ದೂರ ಯಾಕಕ್ಕ, ನಮ್ ನಿಮಾನ್ಸ್ ಆಸ್ಪತ್ರೇಲೇ ಚೆನ್ನಾಗಿ ನೋಡ್ತಾರಂತಲ್ಲ!"

ಆ ದಿನ ಬದನೆಕಾಯಿ ತೂಕ ಹಾಕುವಾಗ ಆಕೆ ಎರಡು ಜಾಸ್ತಿ ಹಾಕಿದರು. ಕರುಣೆಯಿಂದ!

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೇ ಇರಲಿಲ್ಲ. ಮುಖ್ಯವಾದದ್ದು ಪ್ರಸ್ಥಾನದ ಸಂಗತಿ.

ಈಗಿನವರಿಗೆ ಇದು ಗೊತ್ತಿರಲಾರದು. ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆ ಒಂದು ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಿದ್ದರು. ಚೀಲ ಹೊರಟಿತು ಎಂದರೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ನಾವು ಯಾವ ಹೊತ್ತಿನಲ್ಲಿ ಹೊರಟರೂ ದೋಷವಿಲ್ಲ. ಒಂದೇ ನಿಯಮ: ಇಟ್ಟ ಚೀಲವನ್ನು ನಡುವೆ ಮನೆಗೆ ವಾಪಸು ತರಬಾರದು. ತಂದರೆ ಪ್ರಯಾಣ ಕೆಟ್ಟಂತೆ.

ಮುಂದೆ ಆಷಾಢ ಬರುತ್ತಿತ್ತು. ಆದ್ದರಿಂದ ಇವರು ಪಂಚಾಂಗ ನೋಡಿ ಒಂದು ಗುರುವಾರ ಪಕ್ಕದ ಮೇಷ್ಟ್ರ ಮನೆಯಲ್ಲಿ ಪ್ರಸ್ಥಾನ ಇಟ್ಟರು. ಬೇರೆಯವರಾದರೆ ಒಂದು ಹಳೆಯ ಪಂಚೆ, ಒಂದು ತೆಂಗಿನಕಾಯಿ ಇಡುತ್ತಿದ್ದರು. ನಮ್ಮವರು ಮುಂದಾಲೋಚನೆಯವರಲ್ಲವೇ? ಹೊಸ ಊರಿನಲ್ಲಿ ಇಳಿದ ಕೂಡಲೇ ಏನೇನು ಬೇಕೋ ಅದನ್ನೆಲ್ಲ ಚೀಲಕ್ಕೆ ತುಂಬಿದರು. ರೇಜರು, ಬ್ರಷ್ಷು, ಓದುವ ಕನ್ನಡಕ, ಒಳ್ಳೆಯ ಎರಡು ಷರಟು, ನಮ್ಮ ಮನೆಗೆ ಇದ್ದ ಒಂದೇ ಒಂದು ಕಾಫಿ ಫಿಲ್ಟರು!

ಸೋಮವಾರ ಕಚೇರಿಯಲ್ಲಿ ಹೇಳಿದರು: ಇವರ ಜಾಗಕ್ಕೆ ಬರಬೇಕಾದವರು ಇನ್ನೂ ಬಂದಿಲ್ಲ, ಬರುವ ತನಕ ರಿಲೀವ್ ಮಾಡುವುದಿಲ್ಲ.

ಸಂಜೆ ಗಡ್ಡ ಕೆರೆದುಕೊಳ್ಳುತ್ತಾ ಬಂದು ಕೂತರು. "ಹೋಗಿ ಚೀಲ ತಂದುಬಿಡಿ," ಅಂದೆ.

"ಛೆ ಛೆ! ತರಬಾರದು ಕಣೇ. ಅಲ್ಲೇ ಹೋಗಿ ಉಪಯೋಗಿಸಬಹುದು. ಹೊಸಿಲು ದಾಟಿಸಬಾರದು, ಅಷ್ಟೆ."

ಈ ತೀರ್ಪು ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು. ಪ್ರಸ್ಥಾನಕ್ಕೂ ಕೆಲವೇ ದಿನಗಳ ಅವಧಿ ಎಂದು ಬಲ್ಲವರು ಹೇಳುತ್ತಾರೆ. ನಮ್ಮವರು ಸರ್ಕಾರಿ ನೌಕರರು, ತಾವೇ ಎಕ್ಸ್‌ಟೆನ್ಷನ್ ಕೊಟ್ಟುಕೊಂಡರು!

ಅಂದಿನಿಂದ ಬೆಳಗಾದರೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೊರಡುವರು. ಅಲ್ಲಿ ಶೇವಿಂಗು, ಅಲ್ಲೇ ಕನ್ನಡಕ ಹಾಕಿ ಪೇಪರು, ನಮ್ಮದೇ ಫಿಲ್ಟರಿನಲ್ಲಿ ಮೇಷ್ಟ್ರ ಹೆಂಡತಿ ಹಾಕಿಕೊಡುವ ಕಾಫಿ. ನಾನು ಇಲ್ಲಿ ಬಟ್ಟೆಯಲ್ಲಿ ಸೋಸಿದ ಕಾಫಿ ಕುಡಿಯುತ್ತಿದ್ದೆ. ನಮ್ಮ ಬೀದಿಯಲ್ಲಿ ಮೇಷ್ಟ್ರ ಮನೆಗೆ ಗುಲ್ಬರ್ಗ ಎಂದೇ ಹೆಸರಾಯಿತು. ಯಾರಾದರೂ ಇವರನ್ನು ಹುಡುಕಿಕೊಂಡು ಬಂದರೆ ಎದುರು ಮನೆಯವರೇ, "ಗುಲ್ಬರ್ಗಕ್ಕೆ ಹೋಗಿದ್ದಾರೆ, ಈಗ ಬರ್ತಾರೆ ಕೂತ್ಕೊಳ್ಳಿ," ಎನ್ನುತ್ತಿದ್ದರು. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ಕಾಂಪೌಂಡಿನಿಂದ ಕೂಗುವರು: "ನೋಡಮ್ಮ, ನಿಮ್ಮ ಯಜಮಾನ್ರು ಗುಲ್ಬರ್ಗದಲ್ಲಿ ಎರಡನೇ ಲೋಟ ಕಾಫಿ ಕೇಳ್ತಿದಾರೆ. ಕೊಡ್ಲಾ?"

ಒಮ್ಮೆ ಮೇಷ್ಟ್ರು ಸಂಸಾರ ಸಮೇತ ಮದುವೆಗೆಂದು ಬೀಗ ಹಾಕಿಕೊಂಡು ಊರಿಗೆ ಹೋದರು. ಒಂದು ವಾರ ಗುಲ್ಬರ್ಗದ ಬಾಗಿಲು ಬಂದ್! ಕ್ಷೌರದ ಅಂಗಡಿಗೆ ಹೋಗಿ ಎಂದು ಬೇಡಿಕೊಂಡೆ.

"ರೇಜರ್ ಇಟ್ಕೊಂಡೋನು ಅಂಗಡಿಗೆ ಯಾಕೆ ಹೋಗ್ಬೇಕು?"

ಗಡ್ಡ ಬೆಳೆಯಿತು. ಕಚೇರಿಯಲ್ಲಿ ದೊಡ್ಡ ಸಾಹೇಬರು ಕರೆದು, ತಗ್ಗಿದ ದನಿಯಲ್ಲಿ, "ಯಾರು ಹೋದ್ರು?" ಎಂದರಂತೆ.

"ಯಾರೂ ಹೋಗಿಲ್ಲ ಸಾರ್. ಹೋಗಬೇಕಾದವನು ನಾನೇ. ನೀವೇ ಇನ್ನೂ ಬಿಟ್ಟಿಲ್ಲ!"

ನಗುವಿನ ನಡುವೆ ನನಗೊಂದು ಮುಳ್ಳು ಚುಚ್ಚುತ್ತಿತ್ತು. ಆ ಚೀಲದಲ್ಲಿ ನನ್ನದು ಅಂತ ಒಂದು ಸೀರೆಯೂ ಇರಲಿಲ್ಲ. ಅಕ್ಕನೂ ಅದನ್ನು ಗಮನಿಸಿದ್ದರು. ಒಂದು ಮಧ್ಯಾಹ್ನ ಅವಲಕ್ಕಿ ಆರಿಸುತ್ತಾ, "ನಿಮ್ದೇನೂ ಇಟ್ಟಿಲ್ವಲ್ಲಮ್ಮ. ಒಬ್ರೇ ಹೋಗ್ತಾರಾ?" ಅಂದರು.

"ಗೊತ್ತಿಲ್ಲ ಅಕ್ಕ," ಅಂದೆ. ಅವರು ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದರು.

ಕೊನೆಗೂ ಬರಬೇಕಾದವರು ಬಂದರು, ಇವರಿಗೆ ಬಿಡುಗಡೆಯಾಯಿತು. ಆ ಭಾನುವಾರ ಮನೆ ಮಾಲೀಕರು ಬಂದರು. ಒಳ್ಳೆಯವರು. ಕೂತು ನೀರು ಕುಡಿದು, "ಯಜಮಾನ್ರೇ, ನೀವು ಹೋಗಿ ಬನ್ನಿ. ಅಮ್ಮಾವ್ರು ಇಲ್ಲೇ ಇರ್ಲಿ, ನಾವೆಲ್ಲ ಇದೀವಲ್ಲ, ನೋಡ್ಕೋತೀವಿ," ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಕೈಯಲ್ಲಿ ಸೌಟಿತ್ತು, ಒಲೆಯ ಮೇಲೆ ಹುಳಿ ಉಕ್ಕುತ್ತಿತ್ತು. ಉಕ್ಕಲಿ ಎಂದು ಬಿಟ್ಟೆ.

ಇವರು ಹುಬ್ಬೇರಿಸಿದರು. "ಇಲ್ಲೇ ಇರೋದಾ? ಯಾಕೆ?"

"ಅಲ್ಲ, ಹೇಗೂ ಎರಡು ಮೂರು ವರ್ಷ…"

"ಸ್ವಾಮಿ, ಗುಂತಕಲ್ಲಲ್ಲಿ ಗಾಡಿ ಬದಲಾಯಿಸ್ಬೇಕು. ನಾನು ಕೂಲಿಯವನ್ನ ಹುಡುಕೋಕೆ ಹೋದ್ರೆ ಸಾಮಾನು ಯಾರು ನೋಡ್ಕೋತಾರೆ?"

ಮಾಲೀಕರು ನಕ್ಕರು. ಇವರು ನಗಲಿಲ್ಲ. ನನ್ನ ಕಡೆ ತಿರುಗಿ, "ಇವರೇನೇ ಹೀಗಂತಾರೆ? ನಿನ್ನ ಬಿಟ್ಟು ಹೋಗೋದು ಅಂದ್ರೆ ಹೇಗೆ ಹೋಗೋದು?" ಎಂದರು. ಅಣಕವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಗುಲ್ಬರ್ಗದ ಬಿಸಿಲು, ಮಾತು, ಕರಿಬೇವು ಎಲ್ಲವನ್ನೂ ಮೂರು ತಿಂಗಳು ಯೋಚಿಸಿದ ಮನುಷ್ಯನಿಗೆ ಇದೂ ಯೋಚಿಸಬೇಕಾದ ವಿಷಯ ಎಂದು ಹೊಳೆದೇ ಇರಲಿಲ್ಲ! ಮಾಲೀಕರು ಮನೆಯನ್ನು ಬೇರೆಯವರಿಗೆ ಕೊಡಲು ಒಪ್ಪಿ ಹೋದರು. ನಾನು ಒಳಗೆ ಹೋಗಿ ಒಲೆ ಒರೆಸಿದೆ. ಕಣ್ಣನ್ನೂ ಒರೆಸಿಕೊಂಡೆ.

ಹೀಗೆ ನಾವಿಬ್ಬರೂ ಗುಲ್ಬರ್ಗಕ್ಕೆ ಹೋದೆವು. ಗುಂತಕಲ್ಲಿನಲ್ಲಿ ನಾನು ಟ್ರಂಕಿನ ಮೇಲೆ ಕೂತು ಸಾಮಾನು ಕಾದೆ. ಇವರು ಕೂಲಿಯವನನ್ನು ಹುಡುಕಲು ಹೋದವರು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದರು, ಸಾಮಾನನ್ನಲ್ಲ. ಗುಲ್ಬರ್ಗದಲ್ಲಿ ಕರಿಬೇವು ಸಿಕ್ಕಿತು, ಸ್ನೇಹಿತರು ಸಿಕ್ಕರು. ಐದು ವರ್ಷ ಇದ್ದೆವು. ಆಮೇಲೆ ಬೆಂಗಳೂರಿಗೆ ವಾಪಸು ಬಂದು ಬನಶಂಕರಿಯಲ್ಲಿ ಮನೆ ಮಾಡಿದೆವು. ಪ್ರಾವಿಡೆಂಟ್ ಫಂಡಿನ ಕೆಲಸಕ್ಕೇ ಆಗಲಿ, ನೆಂಟರ ಗೃಹಪ್ರವೇಶಕ್ಕೇ ಆಗಲಿ, ಅವರು ಒಬ್ಬರೇ ಹೊರಟದ್ದನ್ನು ನಾನು ಕಾಣೆ.

ಹೋದ ಮಾಘದಲ್ಲಿ ಅವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಚೆನ್ನಾಗಿಯೇ ಇದ್ದರು. ಡಿಸ್ಚಾರ್ಜ್ ಆದ ಮೇಲೆ ಯಾವ ದಾರಿಯಲ್ಲಿ ಆಟೋ ಬರಬೇಕು, ಯಾವ ಉಬ್ಬಿನಲ್ಲಿ ನಿಧಾನ ಮಾಡಿಸಬೇಕು ಎಂದು ನರ್ಸಮ್ಮನಿಗೂ ವಿವರಿಸುತ್ತಿದ್ದರು. ಮಧ್ಯಾಹ್ನ ನನ್ನ ಮುಖ ನೋಡಿ, "ನೀನು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಮನೆಗೆ ಹೋಗಿ ಊಟ ಮಾಡಿ ಬಾರೇ," ಅಂದರು.

ಹೋದೆ. ಅನ್ನ ಕಲಸಿಕೊಂಡು ಕೂತಿದ್ದಾಗ ಆಸ್ಪತ್ರೆಯಿಂದ ಆಳು ಬಂದ.

ಒಬ್ಬರೇ ಹೊರಡುವ ಪ್ಲಾನು ಅವರು ಮಾಡಿದ್ದು ಅದೊಂದೇ ಸಲ. ಅದನ್ನೂ ನನಗೆ ಹೇಳದೆ.