ಬೋರೇಗೌಡರ ಗದ್ದೆಯಲ್ಲಿ ನನ್ನ ಓಟ

ಓಟದಲ್ಲಿ ನನಗೆ ಅತಿ ಇಷ್ಟವಾದ ಭಾಗವೆಂದರೆ ನಿಲ್ಲುವುದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುತ್ತ ಹೋದಂತೆ ನಾನೊಬ್ಬ ಭಾರಿ ಓಟಗಾರನೆಂದು ನೀವು ತಿಳಿದುಬಿಡುವ ಅಪಾಯವಿದೆ. ಶ್ರೀರಂಗಪಟ್ಟಣದ ಪೇಟೆಯಲ್ಲಿ ನನ್ನದೊಂದು ಚಿಕ್ಕ ಬಟ್ಟೆ ಅಂಗಡಿ. ಇಪ್ಪತ್ತು ವರ್ಷದಿಂದ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಟೇಪು ಹಿಡಿದು ಊರವರ ಮಕ್ಕಳ ಸೊಂಟ ಅಳೆದು ಯೂನಿಫಾರಂ ಕೊಟ್ಟಿದ್ದೇನೆ. ನನ್ನ ಸೊಂಟದ ಸುದ್ದಿಗೆ ಯಾರೂ ಬಂದಿರಲಿಲ್ಲ. ಹೋದ ದಸರಾ ರಜೆಯಲ್ಲಿ ನನ್ನ ಹೆಂಡತಿ ಸರೋಜ ಅದೇ ಟೇಪು ತಂದು ಅಳೆದಳು. ಬಂದ ಅಂಕಿಯನ್ನು ನಾನಿಲ್ಲಿ ಹೇಳುವುದಿಲ್ಲ. ಅವಳು ಮಾತ್ರ ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟಳು. ಮಾರನೆಯ ದಿನ ಮನೆಗೆ ಹೊಸ ಬೂಟು ಬಂತು.

ನಮ್ಮದು ಅರಕೆರೆ. ಓಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ, ಓಡಬಿಡದ ಜಾಗವೂ ಬೇರೆ ಇಲ್ಲ. ಬೆಳಗಿನ ಹೊತ್ತು ನಾಲೆ ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಹಸಿರು, ಎಲ್ಲಿಂದಲೋ ಆಲೆಮನೆಯ ಬೆಲ್ಲದ ವಾಸನೆ. ಎದೆ ತುಂಬಿ ಬರುತ್ತದೆ. ಆದರೆ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಹಿಂದೆ ಒಂದು ಬೈಕು ನಿಲ್ಲುತ್ತದೆ. ಯಾರಿಗೆ ಏನಾಯಿತು, ಹತ್ತಿ, ಬಿಟ್ಟುಬರುತ್ತೇನೆ ಎನ್ನುತ್ತಾರೆ. ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ನಂಬುವುದಿಲ್ಲ. ಮೊದಲ ವಾರದಲ್ಲಿ ನಾನು ಮೂರು ಬೈಕು, ಒಂದು ಟ್ರಾಕ್ಟರು ಹತ್ತಿದ್ದೇನೆ, ಬರೀ ದಾಕ್ಷಿಣ್ಯಕ್ಕೆ. ಅದಕ್ಕೇ ಒಂದು ಭಾನುವಾರ, ಗುರುತಿನವರು ಸಿಗದ ಕಡೆ ಓಡೋಣವೆಂದು ತೊಣ್ಣೂರು ಕೆರೆಗೆ ಹೋದೆ. ಆ ನೀರನ್ನು ನೋಡಿದ ಮೇಲೆ ಓಡುವವನು ರಸಿಕನೇ ಅಲ್ಲ. ಒಂದು ಗಂಟೆ ದಡದಲ್ಲಿ ಕೂತು, ಪಾಂಡವಪುರದಲ್ಲಿ ಆರು ಇಡ್ಲಿ ತಿಂದು ವಾಪಸು ಬಂದೆ.

ಹೀಗಿದ್ದ ನನ್ನನ್ನು ನಿಜವಾದ ಓಟಕ್ಕೆ ಹಚ್ಚಿದವಳು ಚಿಕ್ಕತಾಯಮ್ಮ. ಎಪ್ಪತ್ತು ದಾಟಿದ ಒಂಟಿ ಹೆಂಗಸು, ನಾಲೆಯಿಂದ ಒಳಗೆ ಒಂದೂವರೆ ಎಕರೆ ಕಬ್ಬು ಬೆಳೆಯುತ್ತಾಳೆ. ಆ ಕಬ್ಬಿಗೆ ಹೋಗಲು ಇರುವುದು ಒಂದೇ ದಾರಿ, ಅದು ಬೋರೇಗೌಡರ ಗದ್ದೆಯ ಅಂಚಿನಲ್ಲಿದೆ. ಬೋರೇಗೌಡರು ಕೆಟ್ಟವರಲ್ಲ. ಆದರೆ ಪ್ರತಿ ಸಲ ಉಳುವಾಗಲೂ ಅವರ ನೇಗಿಲು ದಾರಿಯ ಕಡೆಗೆ ಒಂದೊಂದು ಸಾಲು ಹೆಚ್ಚಿಗೆ ಎಳೆಯುತ್ತಿತ್ತು. ಗಾಡಿ ಹೋಗುತ್ತಿದ್ದ ದಾರಿಯಲ್ಲಿ ಈಗ ಇಬ್ಬರು ಪಕ್ಕಪಕ್ಕ ನಡೆಯುವಂತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಬ್ಬು ಕಟಾವು, ಟ್ರಾಕ್ಟರು ಒಳಗೆ ಬರದಿದ್ದರೆ ಅಷ್ಟನ್ನೂ ತಲೆ ಮೇಲೆ ಹೊರಿಸಬೇಕು. ಊರಿನ ಹಿರಿಯರ ಮುಂದೆ ಹೋದರೆ, ಜನ ಓಡಾಡದ ಮೇಲೆ ಅದು ಎಂಥ ದಾರಿ ಎಂದು ಬೋರೇಗೌಡರು ಕೇಳಿದರಂತೆ. ಓಡಾಡುತ್ತಿದ್ದದ್ದು ಇವಳೊಬ್ಬಳೇ, ಒಬ್ಬಳನ್ನು ಜನ ಎನ್ನಲು ಬರುವುದಿಲ್ಲವಲ್ಲ.

ಒಂದು ಬೆಳಿಗ್ಗೆ ಏರಿಯ ಮೇಲೆ ನನ್ನನ್ನು ತಡೆದು ನಿಲ್ಲಿಸಿದಳು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ವಿಶೇಷವಾಗಿ ನಡುವನ್ನು ನೋಡಿ ಹೇಳಿದಳು:

"ಏರಿ ಮ್ಯಾಲೆ ಓಡುದ್ರೆ ಯಾರ್ಗೆ ಏನು ಬಂತಪ್ಪ? ಓಡದಾದ್ರೆ ನನ್ನ ದಾರೀಲಿ ಓಡು. ನಿನ್ನಂಗೆ ತೂಕ ಇರೋರು ನಾಕ್ ದಿನ ತುಳುದ್ರೆ ಸಾಕು, ದಾರಿ ತಾನೇ ಗಟ್ಟಿಯಾಯ್ತದೆ."

ಜೀವನದಲ್ಲಿ ಮೊದಲ ಸಲ ನನ್ನ ತೂಕಕ್ಕೆ ಬೆಲೆ ಬಂದಿತ್ತು. ನಾನು ಕರಗಿಹೋದೆ, ಸೊಂಟ ಒಂದನ್ನು ಬಿಟ್ಟು. ಅಂದಿನಿಂದ ಆ ದಾರಿಯಲ್ಲಿ ದಿನವೂ ನಾಲ್ಕು ಸುತ್ತು. ಗರಿಕೆ ನೆಲಕ್ಕೆ ಅಂಟಿತು, ಜಾಡು ಬೆಳ್ಳಗೆ ಎದ್ದು ಕಂಡಿತು. ಭತ್ತದ ಕೊಯ್ಲಿಗೆ ಹೋಗುವ ಹೆಂಗಸರೂ ಹತ್ತಿರವಾಗುತ್ತದೆಂದು ಅದರಲ್ಲೇ ಬರತೊಡಗಿದರು. ಅಂಗಡಿಗೆ ಬಂದ ಗಿರಾಕಿಗಳ ಮುಂದೆ ನಾನು ನ್ಯಾಯ, ಹಕ್ಕು ಎಂದು ಮಾತಾಡತೊಡಗಿದೆ. ಪೆಟಿಕೋಟು ಕೊಳ್ಳಲು ಬಂದವರು ಪಾಪ, ಕೇಳಿಸಿಕೊಂಡು ಹೋಗುತ್ತಿದ್ದರು.

ಆದರೆ ನನ್ನ ಜಾಯಮಾನ ಎಲ್ಲಿ ಹೋಗಬೇಕು? ಚಳಿ ಜೋರಾದ ವಾರದಲ್ಲಿ ಮೂರು ದಿನ ಕಂಬಳಿ ಬಿಟ್ಟು ಏಳಲಿಲ್ಲ. ಸರೋಜ ಕೂಗಿ ಕೂಗಿ ಬಿಟ್ಟಳು. ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಚಿಕ್ಕತಾಯಮ್ಮ ನಡುಮನೆಗೇ ಬಂದು ನಿಂತಿದ್ದಳು. ದಾರಿಯಲ್ಲಿ ಗರಿಕೆ ಎದ್ದಿದೆ, ಬೋರೇಗೌಡ ನೇಗಿಲು ತೊಳೆಯುತ್ತಿದ್ದಾನೆ, ನೀನಿಲ್ಲಿ ಮಲಗಿದ್ದೀಯಲ್ಲ ಎಂದು ಬೈದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಸರೋಜ ಅವಳಿಗೆ ಕಾಫಿ ಕೊಟ್ಟಳು, ನನಗೆ ಬೂಟು ಕೊಟ್ಟಳು. ಆಮೇಲೆ ನಾನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿದ ದಿನಗಳನ್ನು ತುಂಬಲು ಎರಡು ಸುತ್ತು ಹೆಚ್ಚಿಗೆ ಬೇರೆ.

ಕಬ್ಬು ಕಟಾವಿಗೆ ಹತ್ತು ದಿನವಿದೆ ಎನ್ನುವಾಗ ಹಿರಿಯರು ಮತ್ತೆ ಸೇರಿದರು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಸಾಕ್ಷಿ ಹೇಳಲು ನಾಲ್ಕು ಮಾತು ಬಾಯಿಪಾಠ ಮಾಡಿ ಹೋಗಿದ್ದೆ. ಬಾಯಿ ತೆರೆಯುವ ಅವಕಾಶವೇ ಸಿಗಲಿಲ್ಲ. ಬೋರೇಗೌಡರು ಎದ್ದವರೇ ನನ್ನ ಕಡೆ ಕೈ ತೋರಿಸಿದರು.

"ದಾರಿ ಬುಡ್ತೀನಿ. ಟ್ರಾಕ್ಟರಾದ್ರೂ ಓಗ್ಲಿ, ಲಾರಿಯಾದ್ರೂ ಓಗ್ಲಿ, ನಂದೇನು ತಕರಾರಿಲ್ಲ. ಇವ್ರು ಮಾತ್ರ ಓಡ್ಕೂಡ್ದು. ಆಲು ಕರಿಯೋ ಒತ್ಗೆ ಸರಿಯಾಗಿ ಬುಸುಬುಸು ಅಂತ ಬತ್ತಾರೆ. ನಮ್ಮ ಅಸ ಎದರ್ಕಂಡು ಆಲೇ ಬುಡಕಿಲ್ಲ."

ಅವರ ಕೊಟ್ಟಿಗೆ ಆ ದಾರಿಯ ಪಕ್ಕದಲ್ಲೇ ಇರುವುದು ನಿಜ, ಅವರು ಹಾಲು ಕರೆಯುವುದೂ ನಾನು ಓಡುವ ಹೊತ್ತಿಗೇ. ಹಸು ನನ್ನನ್ನು ಮೆಚ್ಚಿ ನೋಡುತ್ತದೆಂದು ನಾನು ತಿಳಿದಿದ್ದೆ. ಚಿಕ್ಕತಾಯಮ್ಮ ನನ್ನ ಮುಖವನ್ನೂ ನೋಡದೆ ಒಪ್ಪಿಕೊಂಡುಬಿಟ್ಟಳು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ಒಂದಾಗಿ ಒಪ್ಪಿದ ಮೊದಲ ಮಾತು, ನಾನು ಓಡಕೂಡದು ಎಂಬುದು. ನಾನೂ ಎಲ್ಲರ ಎದುರಿಗೆ ಮಾತು ಕೊಟ್ಟೆ.

ಕಬ್ಬು ಕಡಿದರು. ಟ್ರಾಕ್ಟರು ಲೋಡು ತುಂಬಿಕೊಂಡು ಆ ದಾರಿಯಲ್ಲಿ ಓಲಾಡುತ್ತ ಏರಿಗೆ ಹತ್ತಿದ್ದನ್ನು ನೋಡಲು ಅಂದು ಅಂಗಡಿಯನ್ನು ತಡವಾಗಿ ತೆಗೆದೆ. ಚಿಕ್ಕತಾಯಮ್ಮ ಎರಡು ಕೈಯಲ್ಲಿ ಟ್ರಾಕ್ಟರಿಗೆ ದಾರಿ ತೋರಿಸುತ್ತಿದ್ದಳು, ಡ್ರೈವರಿಗೆ ಕಣ್ಣೇ ಇಲ್ಲವೇನೋ ಎಂಬಂತೆ. ನನಗೆ ಬಹಳ ಸಂತೋಷವಾಯಿತು.

ಮಾರನೆಯ ಬೆಳಿಗ್ಗೆ ಯಾರೂ ಎಬ್ಬಿಸದೆ ಐದೂವರೆಗೇ ಎಚ್ಚರವಾಯಿತು. ಸುಮ್ಮನೆ ನಡೆದು ಬರೋಣವೆಂದು ಹೊರಟೆ. ಆ ದಾರಿಗೆ ಇಳಿದದ್ದೇ ತಡ, ತಡೆಯಲಾಗಲಿಲ್ಲ. ಮಂಜು, ಗದ್ದೆಯ ತುಂಬ ಬೆಳ್ಳಕ್ಕಿ, ಕಾಲಡಿಗೆ ನಾನೇ ಗಟ್ಟಿಮಾಡಿದ ನೆಲ. ಕೊಟ್ಟ ಮಾತು ಹಾಳಾಗಲಿ ಎಂದು ಓಡಿದೆ. ಜನ್ಮದಲ್ಲಿ ಓಡದಷ್ಟು ಜೋರಾಗಿ, ಮುಷ್ಟಿ ಬಿಗಿಹಿಡಿದು, ಇರುವ ಶಕ್ತಿಯೆಲ್ಲ ಹಾಕಿ ಓಡಿದೆ. ಕೊಟ್ಟಿಗೆಯ ಹತ್ತಿರ ಬಂದಾಗ ಬೋರೇಗೌಡರು ತುಂಬಿದ ಹಾಲಿನ ಕ್ಯಾನು ಹಿಡಿದು ಹೊರಗೆ ಬರುತ್ತಿದ್ದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ಕ್ಯಾನು ಕೆಳಗಿಟ್ಟು ಪ್ರೀತಿಯಿಂದ ನಕ್ಕರು.

"ಕೊಟ್ಟ ಮಾತ್ಗೆ ತಪ್ಪನಿಲ್ಲ ಕಣ್ರೀ ನೀವು. ಇಂಗೇ ನಿಧಾನುಕ್ಕೆ ನಡ್ಕಂಡು ಓಡಾಡಿ, ಯಾರು ಬ್ಯಾಡ ಅಂತಾರೆ."

ನಾನು ಸೊಂಟ ಹಿಡಿದು ನಿಂತು, ಏದುಸಿರಲ್ಲೇ ತಲೆಯಾಡಿಸಿದೆ.